ಏರಿ ಜಿನುಗುವ ಮುನ್ನ: ಆಪರೇಷನ್, ಸಲೈನ್ ಮತ್ತು ಶ್ವಾಸಕೋಶದ ಸ್ಕ್ಯಾನಿಂಗ್

ನಮ್ಮ ಊರಿನ ಕಡೆ ಡಾಕ್ಟರ ಯೋಗ್ಯತೆ ಅಳೆಯಲು ಒಂದು ಸುಲಭದ ಮಾನದಂಡವಿತ್ತು. ಜ್ವರವೆಂದು ಹೋದವರಿಗೆ ಬರೀ ಮಾತ್ರೆ ಬರೆದುಕೊಟ್ಟರೆ ಅವರು ಸಾಧಾರಣ ಡಾಕ್ಟರು. ಇಂಜೆಕ್ಷನ್ ಚುಚ್ಚಿದರೆ ಪರವಾಗಿಲ್ಲ. ಮಂಚದ ಮೇಲೆ ಮಲಗಿಸಿ ಎರಡು ಬಾಟಲಿ ಗ್ಲೂಕೋಸ್ ಏರಿಸಿದರೆ ಮಾತ್ರ ಕೈಗುಣ ಇರುವ ಡಾಕ್ಟರು! ಬಾಟಲಿಯಿಂದ ಹನಿಹನಿಯಾಗಿ ಇಳಿಯುವ ಆ ತಿಳಿನೀರು ಶಕ್ತಿ ಕೊಡುತ್ತದೆ, ಹೆಚ್ಚಾದರೆ ನಷ್ಟವೇನೂ ಇಲ್ಲ ಎಂದೇ ನಾವೆಲ್ಲ ನಂಬಿಕೊಂಡು ಬೆಳೆದವರು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಆ ಬಾಟಲಿಗೂ ಅನ್ವಯಿಸುತ್ತದೆ ಎಂದು ನಮಗೆ ಗೊತ್ತಾದದ್ದು ಒಂದು ರಾತ್ರಿ, ಫೋನಿನಲ್ಲಿ.

ಕೆಲವು ವರ್ಷಗಳ ಹಿಂದಿನ ಮಾತು. ಊರಿನಲ್ಲಿದ್ದ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗ ಅವರಿಗೆ ಎಪ್ಪತ್ತೆರಡು. ಹಳೆಯ ಬಿ.ಪಿ., ಹಳೆಯ ಸಕ್ಕರೆ ಕಾಯಿಲೆ. ಆಪರೇಷನ್ ಚೆನ್ನಾಗಿ ಆಯಿತು ಎಂದು ತಮ್ಮ ಫೋನು ಮಾಡಿದ. ನಾವು ಇಲ್ಲಿ ದೇವರಿಗೆ ದೀಪ ಹಚ್ಚಿ ಕೆಲಸಕ್ಕೆ ಹೊರಟೆವು. ಆರು ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಫೋನು. ಅಮ್ಮನಿಗೆ ಉಸಿರು ಸಿಗುತ್ತಿಲ್ಲ, ಮಲಗಲು ಆಗುತ್ತಿಲ್ಲ, ಐ.ಸಿ.ಯು.ಗೆ ಒಯ್ದಿದ್ದಾರೆ, ಶ್ವಾಸಕೋಶದಲ್ಲಿ ನೀರು ತುಂಬಿದೆಯಂತೆ. ತಮ್ಮ ಕೇಳಿದ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ: "ಅಣ್ಣಾ, ಅಮ್ಮ ನಿನ್ನೆ ರಾತ್ರಿಯಿಂದ ಒಂದು ಗುಟುಕು ನೀರೂ ಕುಡಿದಿಲ್ಲ. ಈ ನೀರು ಎಲ್ಲಿಂದ ಬಂತು?"

ಮೂತ್ರ ಹೆಚ್ಚಿಸುವ ಇಂಜೆಕ್ಷನ್, ಆಮ್ಲಜನಕ, ಮೂರು ದಿನದ ಐ.ಸಿ.ಯು. ವಾಸ; ಅಮ್ಮ ಉಳಿದುಕೊಂಡರು. ಯಾರನ್ನೂ ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಬಿ.ಪಿ. ಇಳಿದಾಗ ಸಲೈನ್ ಏರಿಸುವುದು ಎಲ್ಲ ದೇಶದ ಡಾಕ್ಟರುಗಳೂ ಕಲಿತ ಪಾಠ. ಆದರೆ ತಮ್ಮನ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಹೊಟ್ಟೆ ಹೊರೆಯುವ ನಾವು ವೈದ್ಯರಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನು, ಆಮೇಲೆ ಅಮ್ಮನ ಎರಡನೆಯ ಆಪರೇಷನ್ನಿನಲ್ಲಿ ಕಣ್ಣಾರೆ ಕಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ನಮ್ಮಂತೆಯೇ ವಯಸ್ಸಾದ ತಂದೆತಾಯಿಯರಿರುವ ಮನೆಗಳಿಗೆ ಇದು ಉಪಯೋಗಕ್ಕೆ ಬಂದೀತು ಎಂಬ ಆಸೆ.

ರಕ್ತನಾಳಕ್ಕೆ ಉಪ್ಪುನೀರು

ರಕ್ತನಾಳಕ್ಕೆ ನೇರವಾಗಿ ಉಪ್ಪುನೀರು ಕೊಡುವ ಚಿಕಿತ್ಸೆ ಶುರುವಾದದ್ದು ಕಾಲರಾದಿಂದ. 1831ರಲ್ಲಿ ಇಂಗ್ಲೆಂಡಿಗೆ ಕಾಲರಾ ಬಂದಾಗ ವಿಲಿಯಂ ಬ್ರೂಕ್ ಓಶಾಗ್ನೆಸ್ಸಿ ಎಂಬ ಐರಿಷ್ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರು ಮತ್ತು ಲವಣಗಳು ಕಡಿಮೆಯಾಗಿರುವುದನ್ನು ತೋರಿಸಿದರು. ಮುಂದೆ ಇವರೇ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಸೇರಿ ಕಲ್ಕತ್ತಾಕ್ಕೆ ಬಂದು, 1850ರ ದಶಕದಲ್ಲಿ ಭಾರತಕ್ಕೆ ಟೆಲಿಗ್ರಾಫ್ ತಂತಿ ಎಳೆಸಿದರು. ನಮ್ಮಂತಹ ಇಂಜಿನಿಯರುಗಳಿಗೆ ಒಂದು ರೀತಿಯಲ್ಲಿ ಹಿರಿಯಣ್ಣನೇ ಸರಿ! ಅವರ ಮಾತನ್ನು ಕಾರ್ಯಕ್ಕೆ ಇಳಿಸಿದವರು ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಟ್ಟಾ. 1832ರಲ್ಲಿ ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ವೃದ್ಧೆಯ ರಕ್ತನಾಳಕ್ಕೆ ಅವರು ಆರು ಪಿಂಟ್, ಅಂದರೆ ಮೂರು ಲೀಟರಿಗೂ ಹೆಚ್ಚು ಉಪ್ಪುನೀರು ಹರಿಸಿದರು. ಗುಳಿಬಿದ್ದ ಕಣ್ಣು ಹೊಳೆಯಿತು, ನಾಡಿ ಮರಳಿತು. ಆದರೆ ವಾಂತಿಭೇದಿ ಮತ್ತೆ ಶುರುವಾಗಿ, ಕೆಲವೇ ಗಂಟೆಗಳಲ್ಲಿ ಆಕೆ ತೀರಿಕೊಂಡರು. ಎಷ್ಟು ಕೊಟ್ಟರೆ ಸಾಕು, ಎಷ್ಟಾದರೆ ಹೆಚ್ಚು ಎಂದು ತಿಳಿಯಲು ಲಟ್ಟಾ ಅವರಿಗಿದ್ದ ಅಳತೆಗೋಲು ರೋಗಿಯ ಮುಖ ಮತ್ತು ನಾಡಿ, ಅಷ್ಟೇ.

ಆಪರೇಷನ್ ಕೋಣೆಯಲ್ಲೂ ಇದೇ ಪ್ರಶ್ನೆ. ಅಲ್ಲಿ ನೀರು ಕೊಡಲು ಕಾರಣಗಳಿವೆ. ರಕ್ತ ಹೋಗುತ್ತದೆ. ಹೊಟ್ಟೆ ತೆರೆದಾಗ ತೇವ ಆರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅರಿವಳಿಕೆ ಮದ್ದು ರಕ್ತನಾಳಗಳನ್ನು ಸಡಿಲಗೊಳಿಸುತ್ತದೆ. ಕಿರಿದಾದ ಕೊಳವೆ ಅಗಲವಾದರೆ ಅಷ್ಟೇ ನೀರು ಅದಕ್ಕೆ ಸಾಲದು, ಒತ್ತಡ ಇಳಿಯುತ್ತದೆ. ಬಿ.ಪಿ. ಬಹಳ ಹೊತ್ತು ಇಳಿದೇ ಇದ್ದರೆ ಮೆದುಳು, ಹೃದಯ, ಕಿಡ್ನಿಗೆ ಪೆಟ್ಟು. ಆದ್ದರಿಂದ ಸಲೈನ್ ಕೈ ಮುಂದಾಗುತ್ತದೆ.

ಒಂದು ಕಾಲದಲ್ಲಿ ದೊಡ್ಡ ಆಪರೇಷನ್ನಿಗೆ ಐದಾರು ಲೀಟರ್ ಕೊಡುವುದು ಸಾಮಾನ್ಯವಾಗಿತ್ತು. 2003ರಲ್ಲಿ ಡೆನ್ಮಾರ್ಕಿನ ವೈದ್ಯರು ದೊಡ್ಡ ಕರುಳಿನ ಆಪರೇಷನ್ನಿಗೆ ಬಂದ 172 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದರು. ರೂಢಿಯಂತೆ ಧಾರಾಳವಾಗಿ ನೀರು ಪಡೆದವರಲ್ಲಿ ನೂರಕ್ಕೆ 51 ಮಂದಿಗೆ ಒಂದಲ್ಲ ಒಂದು ತೊಡಕು ಬಂತು. ಹಿಡಿತದಲ್ಲಿ ಪಡೆದವರಲ್ಲಿ 33 ಮಂದಿಗೆ. ಹಾಗಾದರೆ ನೀರು ಕಡಿಮೆ ಮಾಡಿದಷ್ಟೂ ಒಳ್ಳೆಯದು ಎನ್ನೋಣವೇ? 2018ರಲ್ಲಿ ಹಲವು ದೇಶಗಳ ಸುಮಾರು 3000 ರೋಗಿಗಳ ಮೇಲೆ ನಡೆದ ಅಧ್ಯಯನ ಬೇರೆಯೇ ಕಥೆ ಹೇಳಿತು. ನೀರನ್ನು ತೀರಾ ಬಿಗಿಹಿಡಿದ ಗುಂಪಿನಲ್ಲಿ ಕಿಡ್ನಿಗೆ ಪೆಟ್ಟಾದವರು ನೂರಕ್ಕೆ 8.6, ಧಾರಾಳ ಗುಂಪಿನಲ್ಲಿ 5. ಹೆಚ್ಚಾದರೆ ಶ್ವಾಸಕೋಶಕ್ಕೆ ಕಷ್ಟ, ಕಡಿಮೆಯಾದರೆ ಕಿಡ್ನಿಗೆ ಕಷ್ಟ. ಎಲ್ಲರಿಗೂ ಒಂದೇ ಲೆಕ್ಕ ನಡೆಯುವುದಿಲ್ಲ. ಈ ರೋಗಿಗೆ, ಈ ಕ್ಷಣದಲ್ಲಿ, ಇನ್ನೂ ಅರ್ಧ ಲೀಟರ್ ಬೇಕೋ ಬೇಡವೋ ಎಂಬುದೇ ಪ್ರಶ್ನೆ.

ನೀರುಗಂಟಿಯ ಕಣ್ಣು

ನಮ್ಮ ಕೋಲಾರ, ತುಮಕೂರು ಸೀಮೆಯ ಕೆರೆಗಳಿಗೆ ನೀರುಗಂಟಿ ಎಂಬ ಕಾವಲುಗಾರ ಇರುತ್ತಿದ್ದ. ಯಾವ ಗದ್ದೆಗೆ ಎಷ್ಟು ನೀರು, ತೂಬು ಯಾವಾಗ ಎತ್ತಬೇಕು, ಎಲ್ಲ ಅವನದೇ ಜವಾಬ್ದಾರಿ. ಮಳೆಗಾಲದಲ್ಲಿ ಅವನು ಕೆರೆಯ ನೀರನ್ನು ನೋಡಿದರಷ್ಟೇ ಸಾಲದು, ಏರಿಯ ಹಿಂಬದಿಗೂ ಹೋಗಿ ನೋಡಬೇಕು. ಏರಿಯ ಹೊರಮೈ ಒದ್ದೆಯಾಗಿದ್ದರೆ, ಮಣ್ಣು ಜಿನುಗುತ್ತಿದ್ದರೆ, ಕೆರೆ ಇನ್ನೂ ತುಂಬಿಲ್ಲದಿದ್ದರೂ ಅಪಾಯ ಹತ್ತಿರವಿದೆ ಎಂದೇ ಅರ್ಥ.

ನಮ್ಮ ಶ್ವಾಸಕೋಶದಲ್ಲಿ ಇಂತಹದೇ ಒಂದು ಏರಿ ಇದೆ. ಅಲ್ಲಿ 30 ಕೋಟಿಗೂ ಹೆಚ್ಚು ಪುಟಾಣಿ ಗಾಳಿಗೂಡುಗಳಿವೆ. ಪ್ರತಿ ಗೂಡಿನ ಸುತ್ತ ಕೂದಲಿಗಿಂತ ತೆಳುವಾದ ರಕ್ತನಾಳಗಳ ಬಲೆ. ಒಂದು ಕಡೆ ರಕ್ತ, ಇನ್ನೊಂದು ಕಡೆ ಗಾಳಿ. ನಡುವಿನ ಗೋಡೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ತೆಳು. ಆಮ್ಲಜನಕ ದಾಟಬೇಕಾದರೆ ಗೋಡೆ ಅಷ್ಟು ತೆಳುವಾಗಿರಲೇಬೇಕು. ಅಷ್ಟು ತೆಳು ಗೋಡೆಯಿಂದ ನೀರು ಸದಾ ಸ್ವಲ್ಪ ಸ್ವಲ್ಪ ಜಿನುಗುತ್ತಲೇ ಇರುತ್ತದೆ. ಅದನ್ನು ಒಯ್ದುಹಾಕಲು ದುಗ್ಧನಾಳಗಳೆಂಬ ಬಸಿಗಾಲುವೆಗಳಿವೆ. ನಾಳಗಳೊಳಗಿನ ಒತ್ತಡ ಮತ್ತು ರಕ್ತದಲ್ಲಿರುವ ಪ್ರೋಟೀನಿನ ಹಿಡಿತ, ಇವೆರಡರ ಎಳೆದಾಟವೇ ನೀರು ಯಾವ ಕಡೆ ಹರಿಯಬೇಕೆಂದು ನಿರ್ಧರಿಸುತ್ತದೆ ಎಂದು 1896ರಲ್ಲೇ ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಂಗ್ಲಿಷ್ ವಿಜ್ಞಾನಿ ವಿವರಿಸಿದ್ದರು.

ಈಗ ಸಲೈನಿಗೆ ಬನ್ನಿ. ನಾಳಕ್ಕೆ ಏರಿಸಿದ ಸಲೈನ್ ಅಲ್ಲೇ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅದರ ಬಹುಪಾಲು ಹೊರಗೆ ಜಿನುಗಿ ಕಾಲು, ಕರುಳು, ಶ್ವಾಸಕೋಶದ ಸಂದುಗಳನ್ನು ಸೇರುತ್ತದೆ. ಹೃದಯ ಗಟ್ಟಿಯಾಗಿದ್ದರೆ, ಕಿಡ್ನಿ ಚುರುಕಾಗಿದ್ದರೆ ದೇಹ ಸುಧಾರಿಸಿಕೊಳ್ಳುತ್ತದೆ. ಆದರೆ ವರ್ಷಗಟ್ಟಲೆ ಬಿ.ಪಿ. ಇದ್ದವರ ಹೃದಯದ ಗೋಡೆ ಬಿರುಸಾಗಿರುತ್ತದೆ. ಹಿಂಡುವುದೇನೋ ಹಿಂಡುತ್ತದೆ, ಆದರೆ ಸಡಿಲವಾಗಿ ತುಂಬಿಕೊಳ್ಳಲಾರದು. ಬಂದ ನೀರು ಹಿಂದಕ್ಕೆ ಒತ್ತಿ ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರುತ್ತದೆ. ಮೊದಲು ಗೂಡುಗಳ ನಡುವಿನ ಗೋಡೆ ಒದ್ದೆಯಾಗುತ್ತದೆ. ಬಸಿಗಾಲುವೆ ಸಾಲದಾದಾಗ ನೀರು ಗೂಡಿನೊಳಗೇ ನುಗ್ಗುತ್ತದೆ. ಆಗ ಉಸಿರು ಕಟ್ಟುತ್ತದೆ. ತಮ್ಮನ ಪ್ರಶ್ನೆಗೆ ಉತ್ತರ ಇದೇ. ಅಮ್ಮ ಕುಡಿಯದ ನೀರು ಕೈಯ ಸೂಜಿಯಿಂದ ಬಂದಿತ್ತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಗೋಡೆ ಒದ್ದೆಯಾಗುವುದಕ್ಕೂ ಗೂಡಿನಲ್ಲಿ ನೀರು ತುಂಬುವುದಕ್ಕೂ ನಡುವೆ ಸ್ವಲ್ಪ ಸಮಯವಿರುತ್ತದೆ. ಆ ಹೊತ್ತಿನಲ್ಲಿ ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮೀಟರು ಇನ್ನೂ ಒಳ್ಳೆಯ ಅಂಕಿಯನ್ನೇ ತೋರಿಸುತ್ತಿರಬಹುದು. ಮತ್ತಿನಲ್ಲಿರುವ ರೋಗಿ ಬಾಯಿ ಬಿಟ್ಟು ಹೇಳಲಾರರು. ಏರಿಯ ಹಿಂಬದಿ ನೋಡುವ ಕಣ್ಣು ಬೇಕಾದದ್ದು ಆಗಲೇ.

ದೋಷವನ್ನೇ ಓದಿದ ಡಾಕ್ಟರು

ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ ಮಾಡುವುದು ಎಂದು ನಮಗೆಲ್ಲ ಗೊತ್ತು. ಕಿವಿಗೆ ಕೇಳದ ಸೂಕ್ಷ್ಮ ಶಬ್ದವನ್ನು ದೇಹದೊಳಗೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟುವುದೇ ಅಲ್ಟ್ರಾಸೌಂಡ್. ನೀರು, ಮಾಂಸದಲ್ಲಿ ಈ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಸಲೀಸಾಗಿ ಹೋಗುತ್ತದೆ. ಆದರೆ ಗಾಳಿ ಎದುರಾದರೆ ಬಹುತೇಕ ಪೂರ್ತಿಯಾಗಿ ಚಿಮ್ಮಿ ಹಿಂದಕ್ಕೆ ಬಂದುಬಿಡುತ್ತದೆ. ಹೊಟ್ಟೆ ಸ್ಕ್ಯಾನ್ ಮಾಡುವಾಗ ಜೆಲ್ ಹಚ್ಚುವುದು ಚರ್ಮಕ್ಕೂ ಯಂತ್ರಕ್ಕೂ ನಡುವೆ ಗಾಳಿ ಇರದಿರಲಿ ಎಂದೇ. ಶ್ವಾಸಕೋಶವೋ ಗಾಳಿಯ ಮೂಟೆ! ಆದ್ದರಿಂದ ಅದನ್ನು ಅಲ್ಟ್ರಾಸೌಂಡಿನಲ್ಲಿ ನೋಡಲಾಗದು ಎಂದು ಪಠ್ಯಪುಸ್ತಕಗಳು ಬಹಳ ಕಾಲ ಹೇಳುತ್ತಿದ್ದವು.

ಈ ಮಾತನ್ನು ಒಪ್ಪದೇ ಹೋದವರು ಪ್ಯಾರಿಸ್ಸಿನ ಐ.ಸಿ.ಯು. ವೈದ್ಯ ಡೇನಿಯಲ್ ಲಿಕ್ಟೆನ್‌ಸ್ಟೈನ್. ಗಾಳಿಯಿಂದಾಗಿ ಪರದೆಯ ಮೇಲೆ ಮೂಡುವ ಗೆರೆಗಳನ್ನು ಇತರರು ಯಂತ್ರದ ದೋಷವೆಂದು ಬದಿಗಿಟ್ಟಿದ್ದರು. ಇವರು ಆ ದೋಷದ ಗೆರೆಗಳನ್ನೇ ಕೂತು ಓದಿದರು. ನಮ್ಮ ಕಸುಬಿನಲ್ಲೂ ಹೀಗೆ ಆಗುವುದುಂಟು. ಪ್ರೋಗ್ರಾಮು ತಪ್ಪು ಉತ್ತರ ಕೊಟ್ಟಾಗ ಆ ತಪ್ಪಿನ ಸ್ವರೂಪವನ್ನು ನೋಡಿಯೇ ಒಳಗೆ ಎಲ್ಲಿ ಕೆಟ್ಟಿದೆ ಎಂದು ಹೇಳುವ ಹಿರಿಯರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. 1997ರಲ್ಲಿ ಲಿಕ್ಟೆನ್‌ಸ್ಟೈನ್ ಮತ್ತು ಸಂಗಡಿಗರು, ಒದ್ದೆಯಾದ ಶ್ವಾಸಕೋಶ ಅಲ್ಟ್ರಾಸೌಂಡಿನಲ್ಲಿ ತನ್ನದೇ ಗುರುತು ಬಿಡುತ್ತದೆ ಎಂದು ತೋರಿಸಿದರು.

ಎರಡು ಪಕ್ಕೆಲುಬುಗಳ ನಡುವೆ ಯಂತ್ರದ ತುದಿ ಇಟ್ಟರೆ ಮೊದಲು ಶ್ವಾಸಕೋಶದ ಹೊದಿಕೆ ಒಂದು ಬೆಳ್ಳನೆಯ ಅಡ್ಡಗೆರೆಯಾಗಿ ಕಾಣುತ್ತದೆ. ಉಸಿರಾಡಿದಂತೆ ಅದು ಹಿಂದೆ ಮುಂದೆ ಜಾರುತ್ತದೆ. ಕೆಳಗೆ ಒಣ ಶ್ವಾಸಕೋಶವಿದ್ದರೆ ಶಬ್ದ ಹೊದಿಕೆಗೂ ಚರ್ಮಕ್ಕೂ ನಡುವೆ ಚೆಂಡಿನಂತೆ ಪುಟಿಯುತ್ತದೆ. ಪರದೆಯ ಮೇಲೆ ಸಮ ಅಂತರದಲ್ಲಿ, ಒಂದರ ಕೆಳಗೊಂದು ಅಡ್ಡಗೆರೆಗಳು ಮೂಡುತ್ತವೆ, ನಮ್ಮ ಕಾಪಿ ಪುಸ್ತಕದ ಗೆರೆಗಳ ಹಾಗೆ. ಇವು ಎ-ಗೆರೆಗಳು. ಗೂಡುಗಳ ನಡುವಿನ ಗೋಡೆಗೆ ನೀರು ಸೇರಿದರೆ ಚಿತ್ರ ಬದಲಾಗುತ್ತದೆ. ಹೊದಿಕೆಯಿಂದ ಹೊರಟು ಪರದೆಯ ತಳದವರೆಗೂ ಮಂಕಾಗದೆ ಇಳಿಯುವ ಉದ್ದುದ್ದ ಬಿಳಿ ಗೆರೆಗಳು ಕಾಣುತ್ತವೆ, ಕತ್ತಲಲ್ಲಿ ಟಾರ್ಚು ಬಿಟ್ಟ ಹಾಗೆ. ಉಸಿರಿನ ಜೊತೆ ಅವೂ ಓಲಾಡುತ್ತವೆ, ಎ-ಗೆರೆಗಳನ್ನು ಅಳಿಸಿಹಾಕುತ್ತವೆ. ಇವು ಬಿ-ಗೆರೆಗಳು. ಒಂದೆರಡು ಇದ್ದರೆ ಗಾಬರಿಯಿಲ್ಲ. ಒಂದೇ ಪಕ್ಕೆಸಂದಿನಲ್ಲಿ ಮೂರು ಅಥವಾ ಹೆಚ್ಚು ಕಂಡರೆ, ಅದೂ ಎದೆಯ ಎರಡೂ ಬದಿಗಳಲ್ಲಿ ಹಲವು ಕಡೆ ಕಂಡರೆ, ಶ್ವಾಸಕೋಶ ಒದ್ದೆಯಾಗಿರಬಹುದೆಂದು ಅರ್ಥ.

ಇದನ್ನು ನಂಬಲು ಒಂದು ಉದಾಹರಣೆ ಸಾಕು. ಡಯಾಲಿಸಿಸ್‌ಗೆ ಬಂದವರ ಎದೆಯಲ್ಲಿ ಮೊದಲು ಬಿ-ಗೆರೆಗಳು ಎದ್ದು ಕಾಣುತ್ತವೆ. ಯಂತ್ರ ನೀರನ್ನು ತೆಗೆಯುತ್ತಾ ಹೋದಂತೆ, ಅದೇ ಕುರ್ಚಿಯಲ್ಲಿ, ಗೆರೆಗಳು ಒಂದೊಂದಾಗಿ ಕಡಿಮೆಯಾಗುತ್ತವೆ.

ಆಪರೇಷನ್ ಕೋಣೆಯಲ್ಲಿ

ಆಪರೇಷನ್ನಿನಲ್ಲಿ ಇದನ್ನು ಬಳಸುವ ಕ್ರಮ ಸರಳವಾಗಿದೆ. ಮೊದಲನೆಯದು, ಮತ್ತು ಬರಿಸುವ ಮುನ್ನವೇ ಎದೆಯನ್ನು ಒಂದು ಸುತ್ತು ನೋಡಿಕೊಳ್ಳುವುದು. ಕೆಲವೇ ನಿಮಿಷದ ಕೆಲಸ. ಆಗಲೇ ಬಿ-ಗೆರೆ ಇದ್ದರೆ ಎಚ್ಚರ. ಇಲ್ಲದಿದ್ದರೆ ಮುಂದೆ ಹೋಲಿಸಿ ನೋಡಲು ಒಂದು ಮೂಲಪ್ರತಿ ಸಿಕ್ಕಂತಾಯಿತು. ಎರಡನೆಯದು, ಬಿ.ಪಿ. ಇಳಿದಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳುವುದು. ನೀರು ಕೊಟ್ಟರೆ ಹೃದಯ ಅದನ್ನು ಉಪಯೋಗಿಸಿಕೊಂಡು ಹೆಚ್ಚು ರಕ್ತ ತಳ್ಳುತ್ತದೆಯೇ? ಆ ನೀರನ್ನು ಶ್ವಾಸಕೋಶ ತಾಳಿಕೊಳ್ಳುತ್ತದೆಯೇ? ಮೊದಲನೆಯದಕ್ಕೆ ನಾಡಿಯ ಏರಿಳಿತ, ಹೃದಯದ ಸ್ಕ್ಯಾನ್ ಮುಂತಾದ ಬೇರೆ ಪರೀಕ್ಷೆಗಳಿವೆ. ಎರಡನೆಯದಕ್ಕೆ ಉತ್ತರ ಕೊಡುವುದು ಶ್ವಾಸಕೋಶದ ಅಲ್ಟ್ರಾಸೌಂಡ್.

ಎದೆಯ ಮುಂಭಾಗದಲ್ಲಿ ಬರೀ ಎ-ಗೆರೆಗಳಿದ್ದರೆ ಸ್ವಲ್ಪ ಸಲೈನ್ ಕೊಟ್ಟು ನೋಡಲು ಅವಕಾಶವಿದೆ. ಒಂದೇ ಸಲ ಸುರಿಯುವುದಲ್ಲ. ಇನ್ನೂರೈವತ್ತು, ಐನೂರು ಮಿಲಿಲೀಟರ್ ಕೊಟ್ಟು ಮತ್ತೆ ನೋಡುವುದು. ಮೊದಲಿರದ ಬಿ-ಗೆರೆಗಳು ಮೂಡಲು ಶುರುವಾದರೆ ಕೈ ಹಿಂದೆಗೆಯುವುದು, ಬಿ.ಪಿ.ಗೆ ಬೇರೆ ದಾರಿ ಹುಡುಕುವುದು. ಸಡಿಲವಾದ ನಾಳಗಳನ್ನು ಬಿಗಿಗೊಳಿಸುವ ನಾರ್‌ಎಪಿನೆಫ್ರಿನ್‌ನಂತಹ ಔಷಧಿಗಳಿವೆಯಲ್ಲ! ಕೊಳವೆ ಅಗಲವಾದದ್ದಕ್ಕೆ ನೀರು ತುಂಬಿಸುವ ಬದಲು ಕೊಳವೆಯನ್ನೇ ಕಿರಿದು ಮಾಡುವುದು. ಲಿಕ್ಟೆನ್‌ಸ್ಟೈನ್ ಅವರು ಆಘಾತಕ್ಕೊಳಗಾದ ಐ.ಸಿ.ಯು. ರೋಗಿಗಳಿಗಾಗಿ ಇದೇ ತತ್ವದ ಮೇಲೆ ಒಂದು ಕ್ರಮವನ್ನೂ ರೂಪಿಸಿದ್ದಾರೆ.

ಹಾಗೆಂದು ಇದು ಮಂತ್ರದಂಡವೇನಲ್ಲ. ಎ-ಗೆರೆ ಕಂಡಿತೆಂದರೆ ನೀರು ಕೊಡಲೇಬೇಕು ಎಂದಲ್ಲ, ಕೊಡಬಹುದು ಎಂದಷ್ಟೇ. ಬಿ-ಗೆರೆಗಳು ನ್ಯುಮೋನಿಯಾದಲ್ಲೂ, ಶ್ವಾಸಕೋಶ ನಾರುಗಟ್ಟುವ ಕಾಯಿಲೆಯಲ್ಲೂ ಕಾಣುತ್ತವೆ. 2020ರಲ್ಲಿ ಕೋವಿಡ್ ರೋಗಿಗಳಲ್ಲೂ ಎಲ್ಲೆಡೆ ಕಂಡವು. ಮತ್ತಿನಲ್ಲಿ ಅಂಗಾತ ಮಲಗಿದವರ ಶ್ವಾಸಕೋಶದ ಬೆನ್ನಿನ ಕಡೆಯ ಭಾಗ ತಾನಾಗಿ ಮುದುಡಿ ಅಂತಹದೇ ಗೆರೆ ತೋರಿಸಬಹುದು. ಮುಂಭಾಗವನ್ನು ನೋಡುವುದೂ, ಮೊದಲೇ ಒಂದು ಸುತ್ತು ನೋಡಿಟ್ಟುಕೊಳ್ಳುವುದೂ ಇದಕ್ಕಾಗಿಯೇ. ಎದೆಯದೇ ಆಪರೇಷನ್ ಆದರೆ ಯಂತ್ರ ಇಡಲು ಜಾಗವೇ ಇರುವುದಿಲ್ಲ. ನೋಡುವವರಿಗೆ ತರಬೇತಿ ಬೇಕು. ಇದರಿಂದ ಆಪರೇಷನ್ ಸಾವುಗಳು ಕಡಿಮೆಯಾಗುತ್ತವೆ ಎಂದು ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಬಿ.ಪಿ., ಮೂತ್ರದ ಪ್ರಮಾಣ, ರಕ್ತದ ಪರೀಕ್ಷೆಗಳ ಜೊತೆಗೆ ಇದೂ ಒಂದು ಕಣ್ಣು. ಎಲ್ಲ ಆಸ್ಪತ್ರೆಗಳಲ್ಲೂ ಇದು ರೂಢಿಯಲ್ಲಿಲ್ಲ ಎಂಬುದನ್ನೂ ಹೇಳಬೇಕು.

ಜೇಬಿಗೆ ಬಂದ ಯಂತ್ರ

ಹಿಂದೆ ಬೀರುವಿನಷ್ಟಿದ್ದ ಯಂತ್ರ ಈಗ ಜೇಬಿಗೆ ಬಂದಿದೆ. ಹರಳುಗಳ ಬದಲು ಸಿಲಿಕಾನ್ ಚಿಪ್ ಇಟ್ಟು, ಫೋನಿಗೆ ಸಿಕ್ಕಿಸಿ ನೋಡುವಂತಹ ಬಟರ್‌ಫ್ಲೈ ಐಕ್ಯೂ ಯಂತ್ರಕ್ಕೆ 2017ರಲ್ಲಿ ಅಮೆರಿಕಾದ ಎಫ್.ಡಿ.ಎ. ಅನುಮತಿ ಸಿಕ್ಕಿತು. ಆಗ ಅದರ ಬೆಲೆ ಸುಮಾರು ಎರಡು ಸಾವಿರ ಡಾಲರ್. ಕೆಲವು ಯಂತ್ರಗಳ ತಂತ್ರಾಂಶ ಬಿ-ಗೆರೆಗಳನ್ನು ತಾನೇ ಎಣಿಸಿ ಹೇಳುತ್ತದೆ.

ಇಷ್ಟು ಅಗ್ಗವಾಗಿದ್ದರೆ ಊರಿನ ಆಸ್ಪತ್ರೆಗಳಿಗೆ ನಾವೇ ಒಂದೊಂದು ಕೊಂಡೊಯ್ದು ಕೊಡೋಣ ಎಂದು ಯಾರಿಗಾದರೂ ಅನಿಸಬಹುದು. ನಮಗೂ ಅನಿಸಿತ್ತು. ದಯವಿಟ್ಟು ಹಾಗೆ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೊರಡಬೇಡಿ. ಹೆಣ್ಣು ಭ್ರೂಣಹತ್ಯೆಯನ್ನು ತಡೆಯಲು ಭಾರತದಲ್ಲಿ 1994ರ ಕಾಯ್ದೆಯಿದೆ. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಗರ್ಭದ ಶಿಶುವನ್ನು ನೋಡಬಲ್ಲ ಯಾವ ಯಂತ್ರವೇ ಆಗಲಿ, ಅದನ್ನು ಎದೆ ನೋಡಲು ಇಟ್ಟುಕೊಂಡರೂ, ನೋಂದಾಯಿತ ಕೇಂದ್ರದಲ್ಲೇ ಇರಬೇಕು. ಅರಿವಳಿಕೆ ವೈದ್ಯರಿಗೆ ಇದರಿಂದ ಕಾಗದಪತ್ರದ ತೊಂದರೆ ಇದೆ, ನಿಜ. ಆದರೆ ಆ ಕಾನೂನು ಹುಟ್ಟಿದ್ದು ಎಷ್ಟೋ ಹೆಣ್ಣುಮಕ್ಕಳು ಹುಟ್ಟದೇ ಹೋದದ್ದರಿಂದ. ನೆರವಾಗಬೇಕೆನ್ನುವವರು ಆಸ್ಪತ್ರೆಯವರನ್ನೇ ಕೇಳಿ, ಅವರ ನೋಂದಣಿಯ ಮೂಲಕವೇ ಕೊಡಿಸಬೇಕು.

ಅಮ್ಮನ ಎರಡನೆಯ ಆಪರೇಷನ್

ಈಗ ಕಥೆಯ ಉಳಿದ ಭಾಗ. ಕಳೆದ ಬೇಸಿಗೆಯಲ್ಲಿ ಅಮ್ಮ ನಮ್ಮ ಜೊತೆ ಆರು ತಿಂಗಳು ಇದ್ದು ಹೋಗಲು ಅಮೆರಿಕಾಕ್ಕೆ ಬಂದರು. ಎರಡನೆಯ ತಿಂಗಳಲ್ಲೇ ಹಳೆಯ ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಂಡಿತು. ಎರಡು ದಿನದಿಂದ ವಾಂತಿ. ನಮಗೆ ಹೇಳದೆ ಶುಂಠಿ ಕಷಾಯ ಕುಡಿದುಕೊಂಡು ಇದ್ದರು. ಎಮರ್ಜೆನ್ಸಿಗೆ ಒಯ್ದಾಗ ರಾತ್ರಿಯೇ ಆಪರೇಷನ್ ಎಂದರು. ಅಮ್ಮನಿಗೆ ಇಂಗ್ಲಿಷ್ ಬಾರದು. ಆ ಹೊತ್ತಿನಲ್ಲಿ ನಾವೇ ದುಭಾಷಿಗಳು.

ಅರಿವಳಿಕೆ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಹಿಂದೆ ಆಪರೇಷನ್ ಆಗಿದೆಯೇ, ಆಗ ಏನಾದರೂ ತೊಂದರೆಯಾಗಿತ್ತೇ ಎಂದು ಕೇಳಿದರು. ಅಮ್ಮ ತಲೆಯಾಡಿಸಿ, "ಏನೂ ಆಗಿಲ್ಲ ಅಂತ ಹೇಳಿಬಿಡ್ರೋ, ಸುಮ್ಮನೆ ಹೆದರಿಸಬೇಡಿ ಆ ಹುಡುಗೀನ" ಅಂದರು. ನಾವು ಆ ಮಾತನ್ನು ತರ್ಜುಮೆ ಮಾಡಲಿಲ್ಲ. ಐ.ಸಿ.ಯು.ನ ಆ ಮೂರು ದಿನಗಳ ಕಥೆಯನ್ನು ಹೇಳಿದೆವು. ಆಕೆ ಬರೆಯುತ್ತಿದ್ದ ಪೆನ್ನನ್ನು ನಿಲ್ಲಿಸಿ ಎರಡನೆಯ ಸಲ ಹೇಳಿಸಿಕೊಂಡರು. ಕಷ್ಟವಾದ ಲೆಕ್ಕ ಇದು ಎಂದರು. ಎರಡು ದಿನ ವಾಂತಿಯಾದವರಿಗೆ ನೀರು ಬೇಕೇ ಬೇಕು. ಬಿರುಸಾದ ಹೃದಯಕ್ಕೆ ನೀರು ಹೆಚ್ಚಾಗಲೂ ಬಾರದು. ಹೊರಗೆ ಹೋಗಿ ಒಂದು ಪುಟ್ಟ ಯಂತ್ರ ತಂದು, ಅಮ್ಮನ ಎದೆಗೆ ಜೆಲ್ ಹಚ್ಚಿ, ನಮಗೂ ಪರದೆ ತೋರಿಸಿದರು. ಕಾಪಿ ಪುಸ್ತಕದ ಅಡ್ಡಗೆರೆಗಳು. ಒಣ ಶ್ವಾಸಕೋಶ.

ಆಮೇಲಿನದನ್ನು ಬೆಳಗಿನ ಜಾವ ಆಕೆಯೇ ವಿವರಿಸಿದರು. ಗೆರೆ ಒಣಗಿದ್ದರಿಂದ ಮೊದಲು ಧೈರ್ಯವಾಗಿ ಸಲೈನ್ ಕೊಟ್ಟರಂತೆ, ಐನೂರು ಐನೂರಾಗಿ. ಬಿ.ಪಿ. ಸುಧಾರಿಸಿತು. ಅರ್ಧ ದಾರಿಯಲ್ಲಿ ಮತ್ತೆ ಇಳಿಯಿತು. ಬಾಟಲಿಗೆ ಕೈ ಹಾಕುವ ಮುನ್ನ ಹೊದಿಕೆಯ ಕೆಳಗೆ ಯಂತ್ರ ತೂರಿಸಿ ನೋಡಿದರೆ ಮೊದಲಿರದ ಉದ್ದಗೆರೆಗಳು, ಎರಡೂ ಬದಿ. ಆಮ್ಲಜನಕದ ಮೀಟರಿನಲ್ಲಿ ಇನ್ನೂ 98. ಆಕೆ ಸಲೈನ್ ನಿಲ್ಲಿಸಿ ನಾಳ ಬಿಗಿಗೊಳಿಸುವ ಔಷಧಿ ಶುರು ಮಾಡಿದರು. ಆ ರಾತ್ರಿ ಅಮ್ಮನಿಗೆ ಉಸಿರು ಕಟ್ಟಲಿಲ್ಲ, ಐ.ಸಿ.ಯು. ಬೇಕಾಗಲಿಲ್ಲ. ಯಂತ್ರ ಇರದಿದ್ದರೆ ಖಂಡಿತ ಅನಾಹುತವಾಗುತ್ತಿತ್ತು ಎಂದು ನಾವು ಹೇಳಲಾರೆವು. ಆದರೆ ಆಕೆಗೆ ಯಂತ್ರ ಇಡಬೇಕೆಂದು ಹೊಳೆದದ್ದು ನಾವು ಹೇಳಿದ ಹಳೆಯ ಕಥೆಯಿಂದ.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಯಂತ್ರದ ಬಗ್ಗೆ ಅಲ್ಲ, ಆ ಕಥೆಯ ಬಗ್ಗೆ. ಊರಿನಿಂದ ತಂದೆತಾಯಿ ಬರುವಾಗ ಉಪ್ಪಿನಕಾಯಿ, ಚಟ್ನಿಪುಡಿ, ಸಾರಿನಪುಡಿಯ ಪಟ್ಟಿ ಕಳಿಸುತ್ತೇವೆ. ಅದರ ಜೊತೆಗೆ ಹಳೆಯ ಆಪರೇಷನ್ನುಗಳ ಡಿಸ್ಚಾರ್ಜ್ ಕಾಗದ, ಕೊನೆಯ ಎಕೋ ವರದಿ, ನುಂಗುವ ಮಾತ್ರೆಗಳ ಹೆಸರುಗಳನ್ನೂ ತರಿಸಿ, ಸ್ಕ್ಯಾನ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ಆಪರೇಷನ್ ಎಂದಾಗ ಅರಿವಳಿಕೆ ವೈದ್ಯರಿಗೆ ಮೂರು ವಿಷಯ ತಪ್ಪದೆ ಹೇಳಿ: ಹಿಂದೆ ಉಸಿರು ಕಟ್ಟಿದ್ದುಂಟೇ, ಮಲಗಲು ಎಷ್ಟು ದಿಂಬು ಬೇಕು, ಕಾಲು ಊದುತ್ತದೆಯೇ. ಸಲೈನಿನ ಪ್ರಮಾಣವನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ವಿನಯದಿಂದ ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಚಿಕಿತ್ಸೆಯ ನಿರ್ಧಾರವನ್ನು ಅವರಿಗೇ ಬಿಡಿ. ಊರಿನಲ್ಲಿರುವ ಹಿರಿಯರಿಗೆ ಡ್ರಿಪ್ಸ್ ಹಾಕಿಲ್ಲವೆಂದು ಡಾಕ್ಟರ ಮೇಲೆ ರೇಗಬೇಡಿ.

ಅಮ್ಮ ಈಗ ಊರಿನಲ್ಲಿ ಆರಾಮಾಗಿದ್ದಾರೆ. ಆಪರೇಷನ್ ಆದ ಬೆಳಿಗ್ಗೆ ಕಣ್ಣು ಬಿಟ್ಟವರು ಮೊದಲು ಎದೆ ಮುಟ್ಟಿ ನೋಡಿಕೊಂಡು ಕೇಳಿದ್ದು: "ಹೊಟ್ಟೆ ಆಪರೇಷನ್ನಿಗೆ ಎದೆಗೆಲ್ಲ ಯಾಕ್ರೋ ಅಂಟು ಬಳಿದಿದ್ದು? ಸ್ನಾನ ಮಾಡದೆ ಹೇಗೆ ಮಲಗೋದು?" ಒಂದೇ ದಿಂಬಿನ ಮೇಲೆ, ಏದುಸಿರಿಲ್ಲದೆ, ಒಂದೇ ಉಸಿರಿಗೆ ಅಷ್ಟೂ ಮಾತು ಆಡಿದ್ದರು. ನಾವು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅಂಟನ್ನು ಒರೆಸಿದೆವು.